ಪದ್ದಕ್ಕ ಹಿಂತಿರುಗಿ ನೋಡಿದ ದಿನ

ಪದ್ದಕ್ಕ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಶನಿವಾರ ಸಂಜೆ ಅದಕ್ಕೆ ಬಿಳಿ ಪಾಲಿಷ್ ಬಳಿದು ಚಾಳಿನ ಕಟಕಟೆಯ ಮೇಲೆ ಒಣಗಲು ಇಟ್ಟರೆಂದರೆ, ಮರುದಿನ ಯಾರದೋ ಮದುವೆಯ ಮಾತಿದೆ ಎಂದು ಮೂರು ಮಾಳಿಗೆಗೂ ಗೊತ್ತಾಗುತ್ತಿತ್ತು.

ಪರೇಲಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವರು ನರ್ಸು. ಗಂಡ ತೀರಿಕೊಂಡ ಮೇಲೆ ಮೈಸೂರಿನಿಂದ ಒಬ್ಬರೇ ಬಂದು, ನಮ್ಮ ಚಾಳಿನ ಮೂರನೇ ಮಾಳಿಗೆಯ ಕೊನೆಯ ಖೋಲಿ ಹಿಡಿದಿದ್ದರು. ವಾರವೆಲ್ಲ ಮಕ್ಕಳನ್ನು ಹುಟ್ಟಿಸುವುದು, ಭಾನುವಾರ ಮದುವೆ ಕುದುರಿಸುವುದು. "ಗಿರಾಕಿಗಳನ್ನ ನಾನೇ ತಯಾರು ಮಾಡ್ಕೋತೀನಿ ಕಣ್ರೀ" ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಿದ್ದರು.

ಅವರದೊಂದು ಕಟ್ಟಳೆ ಇತ್ತು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಹುಡುಗ ಹುಡುಗಿ ಇಬ್ಬರೂ ಅವರ ಜೊತೆ ನಡೆಯಬೇಕು. ಒಂದು ಖೋಲಿಯಲ್ಲಿ ಎಂಟು ಜನ ಮಲಗುವ ಊರಲ್ಲಿ ಇಬ್ಬರು ಮಾತಾಡುವುದಾದರೂ ಎಲ್ಲಿ? ಬೆಳಗಿನ ಆರಕ್ಕೆ ಪರೇಲಿನ ಹಳೆಯ ಗವರ್ನರ್ ಬಂಗಲೆಯ ಗೇಟಿನಿಂದ ಹೊರಟು, ಗಿರಣಿಗಳಿರುವ ಲಾಲ್‌ಬಾಗ್ ದಾಟಿ, ಬೈಕುಲಾ ಸೇತುವೆ ಹತ್ತಿಳಿದು, ಕೆನಡಿ ಸೇತುವೆಯ ಮೇಲೆ ಹಾದು, ಮಲಬಾರ್ ಹಿಲ್‌ನಲ್ಲಿ ರಾಜಮಹಾರಾಜರು ಕಟ್ಟಿಸಿದ ಅರಮನೆಗಳವರೆಗೆ. ಬರುವಾಗ ಮಾತ್ರ ಟ್ರ್ಯಾಮು. ಪದ್ದಕ್ಕ ಇಪ್ಪತ್ತು ಹೆಜ್ಜೆ ಮುಂದೆ. ಅಪ್ಪಿತಪ್ಪಿಯೂ ಹಿಂತಿರುಗಿ ನೋಡುವವರಲ್ಲ.

"ನಾನು ಕಿವೀಲಿ ನೋಡೋಳು. ಒಬ್ಬರು ದುಡುದುಡು ಅಂತ ಮುಂದೆ ಹೋದ್ರೆ, ಇನ್ನೊಬ್ರು ಓಡಿ ಓಡಿ ಸುಸ್ತಾದ್ರೆ, ಬಸ್, ಆ ಮದುವೆ ಬೇಡ."

ಒಬ್ಬ ಹುಡುಗ ಬೈಕುಲಾದಲ್ಲೇ ಟ್ಯಾಕ್ಸಿ ಕರೆದನಂತೆ. ಪದ್ದಕ್ಕ ಅವನನ್ನು ಒಬ್ಬನನ್ನೇ ಅದರಲ್ಲಿ ಕೂರಿಸಿ ಬಾಗಿಲು ಹಾಕಿ, ಹುಡುಗಿಯನ್ನು ಮನೆಗೆ ಕರೆತಂದು ಬಿಟ್ಟರು. ಗುಡ್ಡದ ಮೇಲೆ ಅವರ ಭಾಷಣವೊಂದು ತಪ್ಪುತ್ತಿರಲಿಲ್ಲ. "ನೋಡಿ ಈ ಅರಮನೆ. ಎಪ್ಪತ್ತು ಕೋಣೆ. ರಾಣಿ ಮುನಿಸ್ಕೊಂಡು ಒಂದ್ರಲ್ಲಿ ಸೇರ್ಕೊಂಡ್ರೆ ರಾಜಂಗೆ ಹುಡುಕೋಕೇ ವಾರ ಬೇಕು. ನಮ್ಮ ಖೋಲೀಲಿ ಮುನಿಸ್ಕೊಳ್ಳೋಕೆ ಮೂಲೇನೇ ಇಲ್ಲ. ಅದಕ್ಕೇ ಬೇಗ ರಾಜಿ ಆಗತ್ತೆ."

ಈ ಕಥೆಗಳಿಗೆಲ್ಲ ನಾನೂ ನಕ್ಕವಳೇ. ನನ್ನ ಸರದಿ ಬಂದಾಗ ನಗು ಬರಲಿಲ್ಲ.

ನಾಲ್ಕನೇ ವಯಸ್ಸಿನಲ್ಲಿ ಬಂದ ಒಂದು ಜ್ವರ ನನ್ನ ಎಡಗಾಲನ್ನು ಅಂಗುಲದಷ್ಟು ಗಿಡ್ಡ ಮಾಡಿ ಹೋಗಿತ್ತು. ಕಾಲಿನ ವಿಷಯ ಮೊದಲೇ ಹೇಳಿದ್ದಕ್ಕೆ ಎರಡು ಸಂಬಂಧ ತಪ್ಪಿದ್ದವು. ಮೂರನೆಯದಕ್ಕೆ ಅಮ್ಮ ಉಪಾಯ ಹೂಡಿದಳು. ಹುಡುಗ ಬರುವ ಮೊದಲೇ ನನ್ನನ್ನು ಚಾಪೆಯ ಮೇಲೆ ಕೂರಿಸಿ, "ಅವರು ಮೆಟ್ಟಿಲಿಳಿಯೋವರೆಗೂ ಏಳ್ಬೇಡ" ಎಂದಳು. ನಾನು ಏಳಲಿಲ್ಲ. ಹುಡುಗ ಒಪ್ಪಿದ. ರಸ್ತೆ ಕಟ್ಟುವ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಅವನದು, ಮಾತು ಕಡಿಮೆ.

ಅಮ್ಮ ಪದ್ದಕ್ಕನ ಖೋಲಿಗೆ ಹೋಗಿ ಕೈಮುಗಿದಳು. "ನಿಮ್ಮ ದಮ್ಮಯ್ಯ ಪದ್ದಕ್ಕಾ, ಇವಳದೊಂದು ನಡಿಗೆ ಬಿಟ್ಬಿಡಿ. ಲಗ್ನಪತ್ರಿಕೆ ಆಗ್ಲಿ."

ಪದ್ದಕ್ಕ ಬೂಟಿಗೆ ಪಾಲಿಷ್ ಬಳಿಯುತ್ತಲೇ ಕೇಳಿದರು. "ಮದುವೆ ಆದ್ಮೇಲೆ ಇವಳು ನಡೆಯೋದೇ ಇಲ್ವೇನ್ರೀ?"

ಆ ರಾತ್ರಿ ಅಮ್ಮನೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಪದ್ದಕ್ಕನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಬಳಿದಿಟ್ಟ ಬೂಟನ್ನು ಕೆಳಗೆಸೆದು ಬಿಡೋಣ ಅನ್ನಿಸಿತ್ತು.

ಬೆಳಿಗ್ಗೆ ಗೇಟಿನ ಹತ್ತಿರ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವನಿಗೆ ತಿಳಿದುಹೋಯಿತು. ಭಾನುವಾರದ ಖಾಲಿ ರಸ್ತೆಯಲ್ಲಿ ನನ್ನ ಚಪ್ಪಲಿಯ ಸದ್ದು ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಬೀಳುತ್ತಿತ್ತು. ಲಾಲ್‌ಬಾಗಿನ ಗಿರಣಿಗಳು ಮುಗಿಯುವವರೆಗೂ ಅವನು ಆ ಸದ್ದನ್ನೇ ಕೇಳುತ್ತ ನಡೆದ.

ಆಮೇಲೆ ಹೇಳಿದ. "ಕಾಲಿನ ವಿಷಯ ಯಾರೂ ಹೇಳಿರ್ಲಿಲ್ಲ."

"ಹೇಳಿದ್ರೆ ನೀವು ಬರ್ತಿರ್ಲಿಲ್ಲ ಅಂತ ಹೇಳ್ಲಿಲ್ಲ."

"ಬರ್ತಿದ್ನೋ ಇಲ್ವೋ, ಈಗ ಹೇಗೆ ಹೇಳ್ಲಿ?"

ನನಗಂತೂ ಎಲ್ಲ ಮುಗಿಯಿತು ಅನ್ನಿಸಿತು. ಬೈಕುಲಾ ಸೇತುವೆ ಹತ್ತುವಾಗ ಉಸಿರು ಕಟ್ಟಿ, ಇಳಿಯುವಾಗ ಕುಂಟು ಇನ್ನೂ ಹೆಚ್ಚಾಯಿತು. ಸೇತುವೆಯ ಬುಡದಲ್ಲಿ ಅವನು ನಿಂತ. ನನ್ನ ಕಾಲನ್ನು ನೋಡಿದ, ರಸ್ತೆಯನ್ನು ನೋಡಿದ.

"ಆ ಬದಿಗೆ ಹೋಗೋಣ" ಎಂದ.

ಜೊತೆಯಲ್ಲಿ ಕಾಣಿಸಿಕೊಳ್ಳಲು ನಾಚಿಕೆ, ಅದಕ್ಕೇ ರಸ್ತೆ ದಾಟಿ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಆದರೂ ಹಿಂದೆ ಹೋದೆ, ಟ್ರ್ಯಾಮಿನ ಹಳಿ ದಾಟಿ. ಬಲಬದಿಯಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೆದಿರಬೇಕು. ಏನೋ ಬದಲಾಗಿತ್ತು. ಸೊಂಟ ವಾಲುತ್ತಿರಲಿಲ್ಲ.

"ರಸ್ತೇನ ನಡುವೆ ಎತ್ತರ ಮಾಡಿ ಕಟ್ತೀವಿ, ಮಳೆ ನೀರು ಎರಡೂ ಅಂಚಿಗೆ ಹರೀಲಿ ಅಂತ" ಎಂದು ಪಾಠ ಒಪ್ಪಿಸುವವನಂತೆ ಹೇಳಿದ. "ಎಡಗಡೆ ನಡೆದ್ರೆ ನಿಮ್ಮ ಎಡಗಾಲು ಇನ್ನೂ ತಗ್ಗಿಗೆ ಹೋಗತ್ತೆ. ಈ ಕಡೆ ಅದೇ ಕಾಲು ಎತ್ತರದ ಮೇಲೆ ಬೀಳತ್ತೆ."

ಹದಿನಾರು ವರ್ಷ ನಾನು ರಸ್ತೆಯ ತಪ್ಪು ಬದಿಯಲ್ಲಿ ನಡೆದಿದ್ದೆ. ನನಗೆ ಅಳು, ನಗು ಒಟ್ಟಿಗೇ ಬಂದವು.

ಅಷ್ಟರಲ್ಲಿ ಮುಂದಿದ್ದ ಪದ್ದಕ್ಕ ಗಕ್ಕನೆ ನಿಂತರು. ಅವರ ಕಿವಿಗೆ ಹಿಂದಿನ ಹೆಜ್ಜೆಗಳು ನಿಂತುಹೋಗಿದ್ದವು. ಯಾರಿಗಾಗಿಯೂ ತಿರುಗದ ಪದ್ದಕ್ಕ ತಿರುಗಿದರು. ಹಿಂದೆ ಯಾರೂ ಇಲ್ಲ! ಸೆರಗು ಜಾರಿದ್ದೂ ಗೊತ್ತಾಗದೆ, "ಜಾನೂ! ಏ ಜಾನಕೀ!" ಎಂದು ಬೈಕುಲಾ ಬೀದಿಗೆಲ್ಲ ಕೇಳುವಂತೆ ಕೂಗಿದರು. ಆಗಲೇ ನನಗೆ ತಿಳಿದದ್ದು, ರಾತ್ರಿಯೆಲ್ಲ ಅವರೂ ಹೆದರಿದ್ದರು.

"ಇಲ್ಲಿದೀವಿ ಪದ್ದಕ್ಕಾ!" ಎಂದೆ ಆಚೆ ಬದಿಯಿಂದ.

ಅವರು ನನ್ನ ನಡಿಗೆಯನ್ನೇ ನೋಡುತ್ತ ನಿಂತರು. ಸೆರಗು ಸರಿ ಮಾಡಿಕೊಂಡು ಮತ್ತೆ ಮುಂದೆ ಹೊರಟರು.

ಗುಡ್ಡದ ಮೇಲೆ ಅರಮನೆಯೊಂದರ ಗೇಟಿನೆದುರು ಎಂದಿನ ಭಾಷಣ ಮರೆತು, ಸೊಂಟಕ್ಕೆ ಕೈಯಿಟ್ಟು ಕೇಳಿದರು. "ಕಾಲು ನೋಡಿದ್ಯೇನಪ್ಪಾ?"

"ನೋಡ್ದೆ."

"ಮತ್ತೆ?"

"ವಾಪಸ್ಸೂ ನಡ್ಕೊಂಡೇ ಹೋಗೋಣ್ವಾ?"

ಪದ್ದಕ್ಕ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟರು. "ನನ್ನ ಕೈಲಾಗಲ್ಲಪ್ಪ. ನೀವಿಬ್ರೇ ನಡೀರಿ. ನಾನು ಟ್ರ್ಯಾಮ್ ಹಿಡಿದು ಹೋಗಿ, ಇವಳಮ್ಮಂಗೆ ಮೊದಲು ಒಂದು ಲೋಟ ನೀರು ಕುಡಿಸ್ತೀನಿ." ಕಾವಲಿಲ್ಲದೆ ಒಂದು ಜೋಡಿಯನ್ನು ಅವರು ಬಿಟ್ಟುಹೋದದ್ದು ಅದೊಂದೇ ಸಲ. ಎದೆಯ ಮೇಲಿಂದ ಅಷ್ಟು ದೊಡ್ಡ ಭಾರ ಇಳಿದ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಬಲಬದಿಯಲ್ಲೇ ನಡೆದೆವು.

ಮದುವೆಯಾಗಿ ನಾವು ಭಾಂಡುಪಿಗೆ ಹೋದೆವು. ಕೊನೆಯ ಸಲ ಪದ್ದಕ್ಕನನ್ನು ನೋಡಲು ಹೋದಾಗ ಅವರು ಅದೇ ಖೋಲಿಯಲ್ಲಿ ಹಾಸಿಗೆ ಹಿಡಿದಿದ್ದರು. ಕಣ್ಣು ಪೂರ್ತಿ ಹೋಗಿತ್ತು. ನಾನಿನ್ನೂ ಪಡಸಾಲೆಯ ಆ ತುದಿಯಲ್ಲಿದ್ದೆ. ಒಳಗಿನಿಂದ, ಆರೈಕೆಗೆ ಬಂದಿದ್ದ ನೆರೆಯವರಿಗೆ ಹೇಳುವ ಅವರ ದನಿ ಬಂತು. "ಜಾನೂ ಬಂದ್ಳು. ಕಾಫಿಗೆ ನೀರಿಡ್ರೇ!"

"ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು?" ಎಂದೆ.

"ಇಡೀ ಪರೇಲಲ್ಲಿ ಹಾಗೆ ನಡೆಯೋಳು ನೀನೊಬ್ಳೇ ಅಲ್ವೇನೇ?" ಎಂದು ನನ್ನ ಮೊಣಕಾಲು ಸವರಿದರು. ಆ ಕಾಲಿನ ಬಗ್ಗೆ ನನಗೆ ಹೆಮ್ಮೆ ಅನ್ನಿಸಿದ್ದು ಆಗಲೇ.

ಅವರು ಹೋಗಿ ವರ್ಷದ ಮೇಲೆ ಯಾರದೋ ನಾಮಕರಣಕ್ಕೆಂದು ಆ ಚಾಳಿಗೆ ಹೋಗಿದ್ದೆ. ಮೊದಲ ಮಾಳಿಗೆಯಲ್ಲೇ ಕೆಲಸ ಮುಗಿದಿತ್ತು. ಆದರೂ ಮೂರನೇ ಮಾಳಿಗೆ ಹತ್ತಿ, ಕೊನೆಯ ಖೋಲಿಯವರೆಗೆ ಬೇಕೆಂದೇ ಸದ್ದು ಮಾಡುತ್ತ ನಡೆದೆ. ಒಳಗಿನಿಂದ ಹೆಂಗಸೊಬ್ಬಳು ಮರಾಠಿಯಲ್ಲಿ, "ಕೋಣ್ ಆಹೆ?", ಯಾರದು, ಎಂದು ಕೇಳಿದಳು.