ಸ್ಪ್ರಿಂಗಿಲ್ಲದ ಚಕ್ರದ ಮೇಲೆ

ಒಂದು ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಹರಿಯುತ್ತಿದ್ದಾಗ ಭಾನುವಾರ ಚಕ್ರ ಓಡಿಸುವ ನಮ್ಮ ಗುಂಪಿನ ಮೆಸೇಜು ಬಂತು. ಮುಂದಿನ ತಿಂಗಳಿಂದ ಹೊಸಕೋಟೆ ಕೆರೆಯ ಲಾಂಗ್ ರೈಡಿಗೆ ಸಸ್ಪೆನ್ಷನ್ ಇರುವ ಚಕ್ರಗಳಿಗೆ ಮಾತ್ರ ಅವಕಾಶವಂತೆ. ಹಳೆಯ ಮಾದರಿಯವರು ದಯವಿಟ್ಟು ಹಲಸೂರು ಕೆರೆ ಸುತ್ತುವ ಚಿಕ್ಕ ರೈಡಿಗೆ ಬರಬೇಕಂತೆ. ಎಲ್ಲರ ಸುರಕ್ಷತೆಗಾಗಿ ಅಂತ ಬರೆದು ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ. ಗುಂಪಿನಲ್ಲಿ ಹಳೆಯ ಮಾದರಿಯವರು ಅಂತ ಉಳಿದಿದ್ದವಳು ನಾನೊಬ್ಬಳೇ. ಸಿಟ್ಟಿನಲ್ಲಿ ಗಿರಾಕಿಯ ಮೆರೂನ್ ಬಟ್ಟೆಯನ್ನು ಅಳತೆಗಿಂತ ಒಂದು ಗೇಣು ಜಾಸ್ತಿ ಹರಿದುಬಿಟ್ಟೆ.

ಗೊತ್ತಿಲ್ಲದವರಿಗೆ ಈ ಚಕ್ರ ಯಾವುದು ಅಂತ ಹೇಳಬೇಕು. ಕರೆಂಟಿನಲ್ಲಿ ಓಡುವ ಒಂಟಿ ಚಕ್ರ. ಸೀಟಿಲ್ಲ, ಹ್ಯಾಂಡಲ್ಲಿಲ್ಲ. ಎರಡು ಪಕ್ಕದಲ್ಲಿ ಕಾಲಿಡಲು ಪೆಡಲು, ನಡುವೆ ಚಕ್ರ. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ಬಾಗಿದರೆ ನಿಲ್ಲುತ್ತದೆ. ಹಳೆಯವುಗಳಲ್ಲಿ ರಸ್ತೆಗೂ ಕಾಲಿಗೂ ನಡುವೆ ಟೈರಿನ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಈಚೆಗೆ ಬಂದವುಗಳಲ್ಲಿ ಬೈಕಿನಂತೆ ಸಸ್ಪೆನ್ಷನ್ ಇದೆ. ಗುಂಡಿ ಬಂದರೆ ಅದೇ ಕುಸಿದು ಅದೇ ಎದ್ದುಕೊಳ್ಳುತ್ತದೆ, ಮೇಲೆ ನಿಂತವರು ಆರಾಮ.

ಶಿವಾಜಿನಗರದ ಗಲ್ಲಿಯೊಂದರಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್, ಮನೆ ಹಲಸೂರಿನಲ್ಲಿ. ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ನಿಲ್ಲಿಸಿದರೆ ಟ್ರಾಫಿಕ್ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ. ಎಷ್ಟೋ ಸಲ ಎತ್ತಿಕೊಂಡು ಹೋದರು. ಕೊನೆಗೆ ರೋಸಿಹೋಗಿ, ಕೌಂಟರ್ ಕೆಳಗೆ ತಳ್ಳಿಬಿಡಬಹುದಾದ ಗಾಡಿ ಯಾವುದಿದೆ ಅಂತ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಇದು. ಕಮ್ಮನಹಳ್ಳಿಯಲ್ಲಿ ಒಬ್ಬರು ದೊಡ್ಡ ಚಕ್ರ ಕೊಂಡು ಚಿಕ್ಕದನ್ನು ಮಾರುತ್ತಿದ್ದರು. ಅದನ್ನೇ ಕೊಂಡು ಮನೆಗೆ ತಂದೆ. ಯಜಮಾನರು ಅದನ್ನು ನೋಡಿ, "ಇದರ ಮಿಕ್ಕ ಅರ್ಧ ಎಲ್ಲೇ?" ಅಂದರು.

ಕಲಿತದ್ದು ಹಲಸೂರು ಕೆರೆಯ ಪಕ್ಕದಲ್ಲಿ, ಬೆಳಗಿನ ಹೊತ್ತು, ಕಬ್ಬಿಣದ ಬೇಲಿ ಹಿಡಿದುಕೊಂಡು. ವಾಕಿಂಗಿಗೆ ಬಂದವರು ನಿಂತು ನೋಡುತ್ತಿದ್ದರು. ಹೂ ಮಾರುವಾಕೆ ಪ್ರತಿದಿನ "ಪಾತ್ತು ಪೋಮ್ಮಾ" ಅಂತ ಎಚ್ಚರಿಸುತ್ತಿದ್ದಳು, ನಾನು ಪ್ರತಿದಿನ ಅವಳ ಮುಂದೆಯೇ ಬೀಳುತ್ತಿದ್ದೆ. ಐವತ್ತು ದಾಟಿದ ಹೆಂಗಸು ಬಿದ್ದರೆ ಜನ ನಗುವುದಿಲ್ಲ, ಅಯ್ಯೋ ಅನ್ನುತ್ತಾರೆ. ನಕ್ಕರೇ ವಾಸಿ. ಆ ಅಯ್ಯೋ ಕೇಳಲಾರದೆ ಬೇಗ ಕಲಿತೆ.

ಕಲಿತದ್ದು ನಾನಲ್ಲ, ನನ್ನ ಮಂಡಿಗಳು. ಗುಂಡಿ ಬರುವ ಮುಂಚೆ ಒಂಚೂರು ಬಾಗಬೇಕು, ಹಂಪ್ ಹತ್ತುವಾಗ ಸಡಿಲ ಬಿಡಬೇಕು, ಇಳಿಯುವಾಗ ಹಗುರಾಗಿ ಎದ್ದುಕೊಳ್ಳಬೇಕು. ನಮ್ಮಜ್ಜಿ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಇದೇ ಹಲಸೂರಿನಿಂದ ರಸೆಲ್ ಮಾರ್ಕೆಟ್ಟಿಗೆ ನಡೆಯುತ್ತಿದ್ದಳು. ಅವಳ ಕಾಲು ಏನೇ ಮಾಡಲಿ, ಬುಟ್ಟಿ ಅಲುಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಹಿಂದೆ ನಡೆಯುತ್ತ ಅದನ್ನು ನೋಡಿದ್ದೆ. ಅರ್ಥವಾಗಿದ್ದು ಈ ಚಕ್ರ ಹತ್ತಿದ ಮೇಲೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಊರಿನಲ್ಲಿ ನೆಲ ನಿಜವಾಗಿಯೂ ಡೊಂಕು. ಆದರೂ ನಾನು ಕುಣಿದಿದ್ದೇನೆ, ಅಷ್ಟು ಮಾತ್ರ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಆ ಭಾನುವಾರ ಎಂದಿನಂತೆ ಕೆರೆಯ ಹತ್ತಿರ ಸೇರಿದೆವು. ಮೆಸೇಜು ಹಾಕಿದವನು ಗುಂಪಿನ ಮುಂದಾಳು. ಇಂದಿರಾನಗರದ ಬಂಗಲೆಯೊಂದರಲ್ಲಿರುವ ಆಫೀಸಿನಲ್ಲಿ ಕೆಲಸ, ವಯಸ್ಸು ಮೂವತ್ತರ ಆಚೀಚೆ. ಒಳ್ಳೆಯವನೇ. ನನ್ನನ್ನು ಆಂಟಿ ಅನ್ನುತ್ತಾನೆ, ಅದೊಂದು ದೋಷ.

"ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ ವೀಲ್ ಔಟ್‌ಡೇಟ್ ಆಗೋಗಿದೆ. ಹೈವೇಲಿ ಒಂದ್ ಗುಂಡಿ ಸಿಕ್ರೆ ಏನ್ಮಾಡ್ತೀರ?"

"ಇಷ್ಟು ದಿನ ಏನ್ ಮಾಡ್ತಿದ್ನೋ ಅದೇ ಮಾಡ್ತೀನಿ."

"ಇಷ್ಟು ದಿನ ಬೇರೆ. ಈ ವಯಸ್ಸಲ್ಲಿ ಮಂಡಿಗೆ ಅಷ್ಟು ಜರ್ಕ್ ಒಳ್ಳೇದಲ್ಲ."

ಆಗ ಗೊತ್ತಾಯಿತು, ಮಾತು ಚಕ್ರದ್ದಲ್ಲ. ಹಳೆಯದಾಗಿದ್ದು ಯಾವುದು ಅಂತ ಅವನು ಬಾಯಿಬಿಟ್ಟು ಹೇಳಿಯೇಬಿಟ್ಟಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಅವತ್ತು ಕೋಪಕ್ಕಿಂತ ಮೊದಲು ಹೆದರಿಕೆ ಬಂತು. ಇವನು ಹೇಳುವುದು ನಿಜವಿದ್ದರೆ? ಇವತ್ತು ಲಾಂಗ್ ರೈಡು, ನಾಳೆ ಚಿಕ್ಕ ರೈಡು, ಆಮೇಲೆ ಮನೆಯಿಂದ ಅಂಗಡಿ. ಮಕ್ಕಳು ಮರಿ ಇಲ್ಲದ ನನಗೆ, ಹರಿದು ಕೊಡುವ ಬಟ್ಟೆಯ ಆಚೆಗೆ ನನ್ನದು ಅಂತ ಇದ್ದದ್ದು ಈ ಭಾನುವಾರದ ದಾರಿಯೊಂದೇ.

ನಮ್ಮ ಜಗಳ ಬಿಡಿಸಿದವರು ಭಾಯ್. ನಮ್ಮ ಪಕ್ಕದ ಗಲ್ಲಿಯಲ್ಲೇ ಕರ್ಟನ್ ಬಟ್ಟೆಯ ವ್ಯಾಪಾರ. ದಪ್ಪ ಮೈ, ಮೆತ್ತನೆ ಮಾತು. ಅವರಿಗೆ ಚಕ್ರ ಕಲಿಸಿದವಳು ನಾನೇ. ಹೋದ ವರ್ಷ ಸಸ್ಪೆನ್ಷನ್ ಇರುವ ದೊಡ್ಡದೊಂದು ತಂದಿದ್ದರು.

"ಕ್ಯಾ ಅಕ್ಕಾ, ಬೆಳಗ್‌ಬೆಳಗ್ಗೆ! ಇವತ್ತು ಒಂದಿನ ನನ್ದು ನೀವು ಓಡ್ಸಿ, ನಿಮ್ದು ನಾನ್ ಓಡಿಸ್ತೀನಿ. ಕೆ.ಆರ್. ಪುರಂ ಬ್ರಿಡ್ಜ್ ತಂಕ. ಆಮೇಲೆ ನೀವೇ ಹೇಳಿ."

ಆಯಿತು ಅಂದೆ. ನಮ್ಮ ಗುಂಪಿನಲ್ಲಿ ಚಕ್ರ ಬದಲಾಯಿಸಿಕೊಳ್ಳುವುದು ಹೊಸದೇನಲ್ಲ. ಅವರ ಚಕ್ರ ನನ್ನದಕ್ಕಿಂತ ಎರಡು ಪಟ್ಟು ಭಾರ, ಪೆಡಲು ಎತ್ತರ. ಹತ್ತಿದರೆ ಅಟ್ಟದ ಮೇಲೆ ನಿಂತ ಹಾಗಾಯಿತು.

ಹಳೇ ಮದ್ರಾಸ್ ರಸ್ತೆ ಹಿಡಿದೆವು. ಮೆಟ್ರೋ ಕಂಬಗಳ ಕೆಳಗೆ ಭಾನುವಾರದ ಬೆಳಗು ಖಾಲಿ ಇರುತ್ತದೆ, ಹಾಲಿನ ಗಾಡಿ, ತರಕಾರಿ ಟೆಂಪೋ ಬಿಟ್ಟರೆ. ನನಗೆ ಪರಿಚಯದ ಗುಂಡಿಗಳು ಒಂದೊಂದಾಗಿ ಬಂದವು, ಒಂದೊಂದಾಗಿ ಹೋದವು. ಏನೂ ಅನ್ನಿಸಲಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಅಗೆದು ಅರ್ಧ ಮುಚ್ಚಿದ ಜಾಗವಿದೆ. ಅಲ್ಲೂ ಸರಾಗವಾಗಿ ದಾಟಿಬಿಟ್ಟೆ. ಹಿಂದಿನಿಂದ ಮುಂದಾಳು ಕೂಗಿದ, "ನೋಡಿದ್ರಾ ಆಂಟಿ! ಎಷ್ಟ್ ಸ್ಮೂತಾಗಿ ಹೋಗ್ತಿದೀರ! ಅದೇ ಸಸ್ಪೆನ್ಷನ್ನು!" ಮಿಕ್ಕವರೂ ಹೌದು ಹೌದು ಅಂದರು.

ನಾನೂ ಒಳಗೇ ಹೌದು ಅಂದುಕೊಂಡೆ. ನಿಜ ಹೇಳುತ್ತೇನೆ, ಸೋತುಹೋಗಿದ್ದೆ. ಇಷ್ಟು ಸುಖವಿದ್ದೂ ನಾನ್ಯಾಕೆ ಹಟ ಹಿಡಿದೆ, ಹಳೆಯದನ್ನು ಮಾರಿಬಿಡೋಣ, ನಮ್ಮ ಮನೆ ಇರುವ ಎರಡನೇ ಮಹಡಿಗೆ ಇಂಥ ಭಾರ ಹೇಗೆ ಹೊರುವುದು ಅಂತ ಆಮೇಲೆ ನೋಡೋಣ, ಎಂದೆಲ್ಲ ಲೆಕ್ಕ ಹಾಕುತ್ತ ಹೋಗುತ್ತಿದ್ದೆ.

ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ನಿಂತೆವು. ಭಾಯ್ ಎಲ್ಲರಿಗಿಂತ ಹಿಂದೆ, ಬೆವರು ಸುರಿಸುತ್ತ ಬಂದರು. "ಯಾ ಅಲ್ಲಾ, ಅಕ್ಕಾ, ನನ್ ಹಲ್ಲೆಲ್ಲ ಅಲ್ಲಾಡಿ ಹೋದ್ವು. ದಿನಾ ಇದ್ರಲ್ಲಿ ಹೆಂಗ್ ಬರ್ತೀರಿ ನೀವು?" ಅಂದರು. ಎಲ್ಲರೂ ನಕ್ಕರು. ಆಮೇಲೆ ರೈಡ್ ಮುಗಿದಾಗ ಎಲ್ಲರೂ ಮಾಡುವಂತೆ ತಮ್ಮ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಬಳೆ ನೋಡಿದರು.

ಈ ಬಳೆಯ ವಿಷಯ ಹೇಳಬೇಕು. ಸಸ್ಪೆನ್ಷನ್ನಿನ ನುಣ್ಣನೆಯ ಕಂಬಿಯ ಮೇಲೆ ಒಂದು ಸಣ್ಣ ರಬ್ಬರ್ ಬಳೆ ಇರುತ್ತದೆ. ಸಸ್ಪೆನ್ಷನ್ ಎಷ್ಟು ಕುಸಿಯಿತೋ ಅಷ್ಟು ದೂರ ಬಳೆಯನ್ನು ತಳ್ಳುತ್ತದೆ. ಮತ್ತೆ ಎದ್ದುಕೊಂಡರೂ ಬಳೆ ಅಲ್ಲೇ ಉಳಿಯುತ್ತದೆ. ನನ್ನದು ಇಷ್ಟು ಜರುಗಿದೆ, ನಿನ್ನದು ಎಷ್ಟು ಅಂತ ಇವರೆಲ್ಲ ಪ್ರತಿ ವಾರ ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದು ಒಂದು ಸಂಭ್ರಮ. ಭಾಯ್ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೊರಡುವಾಗ ಬಳೆಯನ್ನು ಎಲ್ಲಿಗೆ ಸರಿಸಿದ್ದರೋ ಅಲ್ಲೇ ಇತ್ತು, ಉಗುರಿನಷ್ಟೂ ಜರುಗಿರಲಿಲ್ಲ.

ಸಸ್ಪೆನ್ಷನ್ನಿನ ಒಳಗೆ ಇರುವುದು ಪಂಪಿನಲ್ಲಿ ತುಂಬುವ ಗಾಳಿ. ಎಷ್ಟು ತುಂಬಬೇಕು ಅನ್ನುವುದು ಮೇಲೆ ನಿಲ್ಲುವವರ ತೂಕದ ಮೇಲೆ. ಭಾಯ್ ತಮ್ಮ ದಪ್ಪ ಮೈಗೆ ಬೇಕಾದಷ್ಟು, ಅದರ ಮೇಲೆ ಹೆದರಿಕೆಗೆ ಇನ್ನೊಂದಿಷ್ಟು ತುಂಬಿಟ್ಟಿದ್ದರು. ನನ್ನ ತೂಕಕ್ಕೆ ಅದು ಒನಕೆಯಷ್ಟು ಗಟ್ಟಿ, ದಾರಿಯುದ್ದಕ್ಕೂ ಒಮ್ಮೆಯೂ ಕುಸಿದಿರಲಿಲ್ಲ. ಚಕ್ರ ಕೊಡುವಾಗ ಗಾಳಿ ಇಳಿಸಬೇಕಿತ್ತು. ಇಳಿಸಬೇಕಾದರೆ ತೂಕ ಕೇಳಬೇಕು.

"ಅಕ್ಕನ ತೂಕ ಹೆಂಗ್ ಕೇಳೋದು?" ಅಂದರು ಭಾಯ್, ಕಿವಿಯವರೆಗೆ ಕೆಂಪಾಗಿ. "ಅದಬ್ ಅಂತ ಒಂದಿದೆ ಅಲ್ವಾ?"

ಮರ್ಯಾದೆಗೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಅಷ್ಟು ಜನ ಸಸ್ಪೆನ್ಷನ್ ಸಸ್ಪೆನ್ಷನ್ ಅಂತ ಹೊಗಳಿದ್ದು ನನ್ನ ಮಂಡಿಗಳನ್ನು. ನಾನೂ ಅವರ ಮಾತಿಗೆ ತಲೆದೂಗಿ, ನನ್ನ ಕಾಲು ಮಾಡಿದ ಕೆಲಸದ ಕೀರ್ತಿಯನ್ನು ಒಂದು ಕಂಬಿಗೆ ಕೊಟ್ಟಿದ್ದೆ. ಅವತ್ತು ನನಗೆ ಸಿಟ್ಟು ಬಂದದ್ದು ನನ್ನ ಮೇಲೇ. ಆಮೇಲೆ ನಗು ಬಂತು. ಸೇತುವೆಯ ಕೆಳಗೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಮುಂದಾಳುವಿನ ಮುಖ ನೋಡುವ ಹಾಗಿತ್ತು.

ಆದರೂ ಅವನು ಸುಮ್ಮನಾಗಲಿಲ್ಲ. "ಆಂಟಿ, ಇದು ನ್ಯಾಯ ಅಲ್ಲ. ಗಾಳಿ ಸರಿ ಮಾಡಿ ಕೊಡ್ತೀನಿ, ವಾಪಸ್ ಹೋಗ್ವಾಗ ನೋಡಿ. ತೂಕ ಎಷ್ಟು?" ಅಂದ. ಎಲ್ಲರೂ ತೂಗುಸೇತುವೆಯ ತಂತಿಗಳನ್ನು ಇವತ್ತೇ ಕಂಡವರಂತೆ ಮೇಲೆ ನೋಡತೊಡಗಿದರು. ನಾನು ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದೆ. ಅವನು ಗಾಳಿ ಇಳಿಸಿದ.

ಒಪ್ಪಿಕೊಳ್ಳುತ್ತೇನೆ, ಹಿಂದಕ್ಕೆ ಬರುವಾಗ ಅದು ನಿಜವಾಗಿಯೂ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಗುಂಡಿ ಇದೆ ಅಂತ ಕಣ್ಣು ಹೇಳುತ್ತದೆ, ಕಾಲಿಗೆ ಸುದ್ದಿಯೇ ಇಲ್ಲ. ಸುಳ್ಳು ಹೇಳಿ ನನ್ನ ಚಕ್ರದ ಮಾನ ಉಳಿಸಬೇಕಾದ ಗತಿ ನನಗೆ ಬಂದಿಲ್ಲ. ಓಲ್ಡ್ ಈಸ್ ಗೋಲ್ಡ್ ಅನ್ನುವವಳೂ ನಾನಲ್ಲ. ನಮ್ಮ ಅಂಗಡಿಯಲ್ಲಿ ಹಳೆಯ ಬಟ್ಟೆ ಬಣ್ಣ ಮಾಸುತ್ತದೆ, ಅದನ್ನು ಯಾರೂ ಚಿನ್ನ ಅನ್ನುವುದಿಲ್ಲ. ಆದರೆ ಇನ್ನೊಂದು ಚೆನ್ನಾಗಿದ್ದ ಮಾತ್ರಕ್ಕೆ ನನ್ನದು ಹಳಸಲು ಅದೇನು ಅನ್ನವೇ? ನಿನ್ನೆ ನನ್ನನ್ನು ಅಂಗಡಿಗೆ ಮುಟ್ಟಿಸಿದ್ದು ಇವತ್ತೂ ಮುಟ್ಟಿಸುತ್ತದೆ. ಅಕ್ಕಪಕ್ಕದವರು ಏನು ಕೊಂಡರು ಅಂತ ಅದಕ್ಕೆ ಗೊತ್ತೇ ಇಲ್ಲ.

ಹಲಸೂರಿನಲ್ಲಿ ಭಾಯ್‌ಗೆ ಅವರದನ್ನು ಕೊಟ್ಟು ನನ್ನದನ್ನು ಹತ್ತಿ ಮನೆಯ ಕಡೆ ತಿರುಗಿಸಿದೆ. ನಮ್ಮ ಬೀದಿಯ ಬಾಯಲ್ಲಿ ಒಂದು ಹಂಪ್ ಇದೆ. ಕಾರ್ಪೊರೇಷನ್ನಿನದಲ್ಲ, ಬೀದಿಯವರೇ ಮಕ್ಕಳಿಗೋಸ್ಕರ ಸಿಮೆಂಟು ಸುರಿದು ಮಾಡಿಕೊಂಡದ್ದು. ದಿನಾ ದಾಟುವ ಹಂಪ್. ಅವತ್ತು ಮಂಡಿ ಬಾಗಿಸದೆ ಕಡ್ಡಿಯ ಹಾಗೆ ನಿಂತಿದ್ದೆ. ಚಕ್ರ ಎಗರಿ ಒಂದು ಕಡೆ ಹೋಯಿತು, ನಾನು ನಾಲ್ಕು ಹೆಜ್ಜೆ ಓಡಿ ಗೋಡೆ ಹಿಡಿದುಕೊಂಡೆ. ಪೆಟ್ಟೇನೂ ಆಗಲಿಲ್ಲ. ಆದರೆ ಇಷ್ಟು ವರ್ಷ ಕಲಿತದ್ದನ್ನು ಕಾಲು ಅಷ್ಟೇ ಅಷ್ಟು ದೂರದ ಸುಖದಲ್ಲಿ ಮರೆತಿತ್ತು. ಗೋಡೆ ಹಿಡಿದು ನಿಂತಲ್ಲೇ ತೀರ್ಮಾನ ಮಾಡಿದೆ. ಸುಖ ಬೇಡ ಅಂತಲ್ಲ, ಮರೆವು ಬೇಡ. ಮರೆಯುವ ಕಾಲ ತಾನಾಗಿ ಬರುತ್ತದೆ, ನಾನೇ ಹೋಗಿ ಅದನ್ನು ಕರೆದುಕೊಂಡು ಬರುವುದಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ, ಲಾಂಗ್ ರೈಡಿನ ದಿನ, ನನ್ನ ಚಕ್ರ ತೆಗೆದುಕೊಂಡು ಹೋದೆ. ಮುಂದಾಳು ನೋಡಿದ, ತಲೆ ಕೆರೆದುಕೊಂಡ.

"ಆಂಟಿ, ರೂಲ್ ಮಾಡಿದೀವಲ್ಲ..."

"ರೂಲ್ ಚಕ್ರಕ್ಕೋ, ನನಗೋ?"

ಭಾಯ್ ಏನೋ ರಾಜಿ ಮಾತಾಡಲು ಮುಂದೆ ಬಂದರು, "ಈ ಸಲ ಒಂದ್ಸಲ ಬಿಡೋಣ..." ಅಂತ. ನಾನು ತಡೆದೆ. "ನಕ್ಕೋ ಭಾಯ್, ಬೇಡ. ನನ್ನನ್ನ ಬಿಡಿ ಅಂತ ಯಾರನ್ನೂ ಕೇಳ್ಕೊಳ್ಳಲ್ಲ. ರಸ್ತೆ ಎಲ್ಲಾರ್ದು. ಹೊಸಕೋಟೆಗೆ ನಾನು ಹೋಗ್ತಿದೀನಿ. ನೀವು ಬರೋದಾದ್ರೆ ಬನ್ನಿ."

ಹೊರಟೆ. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಒಬ್ಬೊಬ್ಬರಾಗಿ ಬಂದ ಸದ್ದು ಕೇಳಿತು. ಬರದೆ ಎಲ್ಲಿಗೆ ಹೋಗುತ್ತಾರೆ? ಟಿನ್ ಫ್ಯಾಕ್ಟರಿ ಹೊತ್ತಿಗೆ ನನ್ನನ್ನು ದಾಟಿಕೊಂಡು ಹೋದರು, ಅವರ ಚಕ್ರಗಳಿಗೆ ವೇಗ ಹೆಚ್ಚು. ಹೋಗಲಿ. ಕೆ.ಆರ್. ಪುರ ದಾಟಿದ ಮೇಲೆ ಹೈವೇ ಪಕ್ಕದ ರಸ್ತೆಯಲ್ಲಿ ಲಾರಿಗಳು ಕೆತ್ತಿದ ಏರುತಗ್ಗು ಉದ್ದಕ್ಕೂ ಇತ್ತು. ಬಾಗಿ ಎದ್ದು, ಬಾಗಿ ಎದ್ದು ಹೋದೆ. ಹೊಸಕೋಟೆ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ. ಗುಂಪಿನವರು ಆಗಲೇ ಹೋಟೆಲಿನಲ್ಲಿ ಇಡ್ಲಿ ಮುಗಿಸಿ, ಚಾರ್ಜಿಗೆ ಚಕ್ರಗಳನ್ನು ಹಾಕಿ ಕಾಫಿಗೆ ಬಂದಿದ್ದರು. ಮುಂದಾಳು ಎದ್ದು ನನಗೆ ತನ್ನ ಕುರ್ಚಿ ಕೊಟ್ಟ. ಕೂತುಕೊಳ್ಳುವಾಗ ಮೇಜು ಹಿಡಿದುಕೊಳ್ಳಬೇಕಾಯಿತು, ಅದು ಅವನ ಕಣ್ಣು ತಪ್ಪಲಿಲ್ಲ.

"ನೋಯ್ತಿದೆ ಅಲ್ವಾ ಆಂಟಿ? ನಾನ್ ಹೇಳಿರ್ಲಿಲ್ವಾ?" ಅಂದ. ಅಣಕವಿರಲಿಲ್ಲ, ನಿಜವಾಗಿ ಮರುಕವಿತ್ತು.

"ನೋಯ್ತಿದೆ," ಅಂದೆ. "ನೋಯ್ಲಿ. ಮಂಡಿ ನನ್ದು ಕಣಪ್ಪ. ಸಾಕು ಅನ್ನೋ ದಿನ ಅದೇ ನನ್ಗೆ ಹೇಳುತ್ತೆ. ಅದಕ್ಕಿಂತ ಮುಂಚೆ ನೀನು ಹೇಳ್ಬೇಡ."