ಶಿಕ್ಕಾ ಇಲ್ಲದ ಕಾಗದ

ನನ್ನ ಮೇಜಿನ ಮೇಲೊಂದು ತಗಡಿನ ಶಾಯಿಡಬ್ಬಿ ಇದೆ. ಬೇಸಿಗೆಯಲ್ಲಿ ಒಣಗುವ ಅದಕ್ಕೆ ಎರಡು ಹನಿ ನೀರು ಚಿಮುಕಿಸಿ, ಮುಖ್ಯೋಪಾಧ್ಯಾಯನಾದ ನನ್ನ ದುಂಡು ಶಿಕ್ಕಾವನ್ನು ಅದರಲ್ಲಿ ಅದ್ದಿ, ಕಾಗದದ ಮೇಲೆ ಠಪ್ಪೆಂದು ಹೊಡೆದಾಗ ಸಿಗುತ್ತಿದ್ದ ಪರಮಾನಂದವನ್ನು ಹೇಗೆ ಬಣ್ಣಿಸಲಿ, ಗೆಳೆಯರೇ! ನಮ್ಮ ಸೇಡಂ ಸೀಮೆಯಲ್ಲಿ ಹುಟ್ಟು, ಜಾತಿ, ಜಮೀನು ಎಲ್ಲವೂ ನಿಜವಾಗುವುದು ಆ ಸದ್ದು ಕೇಳಿದ ಮೇಲೆಯೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಹೋಬಳಿಗೆ ಕಂಪ್ಯೂಟರಿನ ಸೇವಾ ಕೇಂದ್ರ ಬಂತು. ಗುಂಡಿ ಒತ್ತಿದರೆ ಪ್ರಮಾಣಪತ್ರ ಉದುರುತ್ತದೆ ಎಂದರು. ಕರೆಂಟ್ ಇದ್ದ ದಿನ ಉದುರುತ್ತಲೂ ಇತ್ತು. ಕೆಳಗೊಂದು ಸಾಲು: ಇದಕ್ಕೆ ಸಹಿ, ಮೊಹರು ಬೇಕಿಲ್ಲ. ಅವೆರಡೂ ಬೇಡವಾದರೆ ಇನ್ನು ನಾನೇಕೆ ಬೇಕು, ಹೇಳಿ?

ಕೂಲಿ ಮಾಡುವ ಕಮಲಾಬಾಯಿ ತನ್ನ ಮಗಳು ಸವಿತಾಳ ಹಾಸ್ಟೆಲ್ ಅರ್ಜಿಯೊಂದಿಗೆ ಅಂಥದೊಂದು ಆದಾಯ ಪತ್ರ ತಂದಳು. ನಾನು ರುಜು ಹಾಕಿ ಕಳಿಸಬೇಕು. ಮರುದಿನವೇ ಕೊನೆಯ ದಿನ.

"ಇದರ ಮ್ಯಾಲ ಶಿಕ್ಕಾ ಎಲ್ಲದ?" ಎಂದೆ.

"ಕಂಪ್ಯೂಟರ್ ಕಾಗದಕ್ಕ ಹೊಡೆಯಂಗಿಲ್ಲಂತ್ರಿ ಸರ. ಕೆಳಗ ಬರದಾರಂತ, ನೀವೇ ಓದಿ ನೋಡ್ರಿ."

"ನನಗ ಓದಾಕ ಹೇಳಬ್ಯಾಡ. ಶಿಕ್ಕಾ ಹೊಡಿಸ್ಕೊಂಡು ಬಾ."

ಎರಡು ದಿನ ಬಿಟ್ಟು ಬಂದಳು. ಈಗ ಕಾಗದದ ಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಗುರುತು ಲಕ್ಷಣವಾಗಿ ಕೂತಿತ್ತು. ನೋಡಿ ಕಣ್ಣು ತಂಪಾಯಿತು. ಕೊನೆಯ ದಿನ ದಾಟಿದ್ದು ಮರೆತೇ ಹೋಯಿತು. ಹಸಿರು ಶಾಯಿಯಲ್ಲಿ ರುಜು ಎಳೆದು, ಪಕ್ಕದಲ್ಲಿ ನನ್ನದನ್ನೂ ಠಪ್ಪೆನಿಸಿ ಕಳಿಸಿದೆ.

ವಾರದಲ್ಲಿ ಅರ್ಜಿ ವಾಪಸು ಬಂತು. ಅವಧಿ ಮೀರಿದೆ ಎಂದು ಬರೆದು, ಅದಕ್ಕೂ ಅಚ್ಚುಕಟ್ಟಾಗಿ ಶಿಕ್ಕಾ ಹೊಡೆದಿದ್ದರು. ಆಗ, ಮೊಟ್ಟಮೊದಲ ಸಲ, ನಾನು ಆ ಆದಾಯ ಪತ್ರವನ್ನು ಓದಿದೆ. ನೇರಳೆ ದುಂಡಿನೊಳಗೆ 'ಪಶು ಚಿಕಿತ್ಸಾಲಯ' ಎಂದಿತ್ತು!

ಕಮಲಾಬಾಯಿಯನ್ನು ಕರೆಸಿ ಕೇಳಿದೆ.

"ಕೇಂದ್ರದಾಗ ಶಿಕ್ಕಾನೇ ಇಟ್ಟಿಲ್ಲಂದ್ರು. ಭಾಳ ಕಡಿ ತಿರುಗಾಡಿದೆ. ಕಡೀಕ ದನದ ದವಾಖಾನ್ಯಾಗಿನವರು ಪಾಪ ಅಂತ ಹೊಡದು ಕೊಟ್ರು," ಎಂದಳು. ಆಮೇಲೆ ಅವಳೇ, "ಯಾರ ಶಿಕ್ಕಾ ಬೇಕಂತ ನೀವು ಹೇಳಿಲ್ಲಲ್ರಿ ಸರ. ಈಗ ನಮ್ಮ ಹುಡುಗಿಗಿ ಸೀಟು ಸಿಗಂಗಿಲ್ಲೇನ್ರಿ?" ಎಂದಳು.

ಸಿಗಲಿಲ್ಲ. ಆ ವರ್ಷ ಸವಿತಾ ತಾಯಿಯ ಜೊತೆ ತೊಗರಿ ಹೊಲದಲ್ಲಿ ಕಳೆ ತೆಗೆದಳು. ಕಂಪ್ಯೂಟರು ತನ್ನ ಕೆಲಸ ಮಾಡಿತ್ತು. ಓದು ಬಾರದ ಕಮಲಾಬಾಯಿಗೂ ಕೆಳಗಿನ ಸಾಲು ಗೊತ್ತಿತ್ತು. ಗೊತ್ತಿದ್ದೂ ಒಪ್ಪದವನು ಶಾಲೆಯ ಕುರ್ಚಿಯಲ್ಲಿ ಕೂತ ನಾನೊಬ್ಬನೇ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಶಾಯಿಡಬ್ಬಿ ಈಗ ಒಣಗಿದೆ. ನೀರು ಹಾಕಲು ಕೈ ಬರುವುದಿಲ್ಲ. ಅದರಡಿ ಆ ಕಾಗದವನ್ನು ಇಟ್ಟುಕೊಂಡಿದ್ದೇನೆ. ದನದ ದವಾಖಾನೆಯವರ ಶಿಕ್ಕಾ ತಪ್ಪು ಜಾಗದಲ್ಲಿ ಬಿದ್ದಿದೆ ಎಂದು ಈಗ ನನಗೆ ಅನ್ನಿಸುವುದಿಲ್ಲ. ಚಿಕಿತ್ಸೆ ಬೇಕಾದವನ ರುಜು ಅದರ ಪಕ್ಕದಲ್ಲೇ ಇದೆ.