ಗಂಧ ಹಚ್ಚಿದ ಗಿಟಾರ್

ತಾಳವಾಡಿಯಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಹೆಸರಿದೆ. ಊರಿನ ನ್ಯಾಯವೆಲ್ಲ ನಮ್ಮ ಜಗಲಿಯಲ್ಲೇ ತೀರ್ಮಾನವಾಗುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಪ್ರಾರ್ಥನೆಗೆ ಮುಂಚೆ ಎಲ್ಲರ ಗಿಟಾರನ್ನೂ ಶ್ರುತಿ ಮಾಡುತ್ತಿದ್ದವಳು ನಾನೇ.

ಕಳೆದ ತಿಂಗಳು ನನಗಾಗಿ ಹಳೆಯ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದೆ. ಬೆಲೆ ಹದಿನೈದು ಸಾವಿರ ಮೀರಬಾರದೆಂದು ಅಂಗಡಿಯವನಿಗೆ ಮೊದಲೇ ಹೇಳಿದೆ. ಅವನು ನಮ್ಮೂರ ಹತ್ತಿರದ ತಿಗನಾರೆ ಕಡೆಯವನು. ಮಿರಿಮಿರಿ ಮಿಂಚುವ ಎರಡು ಗಿಟಾರ್ ತೋರಿಸಿದ. ನೊಗ ನೆಟ್ಟಗಿದೆಯೇ ಎಂದು ನೋಡುವಂತೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತು ನೋಡಿದೆ, ಎರಡೂ ಬಾಗಿದ್ದವು. ಕೆನೆ ಬಣ್ಣದ ಮೂರನೆಯದು ನೆಟ್ಟಗಿತ್ತು. ಸ್ಪೀಕರಿನ ವೈರ್ ಸಿಕ್ಕಿಸಿ ನುಡಿಸಿದೆ, ನಾದ ತುಂಬಿ ಬಂತು, ಒಪ್ಪಿದೆ.

ನಾನು ಪರ್ಸ್ ತೆಗೆಯುವಷ್ಟರಲ್ಲಿ ಅವನು ಹೊಸ ಟ್ರ್ಯಾಕ್ಟರಿಗೆ ಮಾಡುವಂತೆ ಅದಕ್ಕೆ ಪೂಜೆ ಮಾಡಿಬಿಟ್ಟಿದ್ದ. ವೈರ್ ಸಿಕ್ಕಿಸುವ ತೂತಿಗೂ ಗಂಧ! ಮತ್ತೆ ನುಡಿಸಿ ನೋಡಿದರೆ ಬರೀ ಕರಕರ.

“ಸದ್ದು ಕೆಟ್ಟಿದೆ,” ಎಂದೆ.

“ಸದ್ದು ಚಂದಾಗೇ ಅದೆ ಕಣಮ್ಮಾ. ನಿಮ್ಗೆ ವಯಸ್ಸಾಯ್ತು, ಕಿವಿ ಮಂದ ಆಗ್ಬುಟ್ಟದೆ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮೈ ಉರಿದುಹೋಯಿತು. ಹೇರ್‌ಪಿನ್ನಿಗೆ ಕರವಸ್ತ್ರದ ತುದಿ ಸುತ್ತಿ, ತೂತಿನ ಗಂಧವನ್ನೆಲ್ಲ ತೆಗೆದು, ಮತ್ತೆ ವೈರ್ ಸಿಕ್ಕಿಸಿ ಮೀಟಿದೆ. ನಾದ ಮರಳಿತು.

“ನೋಡಿ ಅಮ್ಮಾವ್ರೇ, ದೇವ್ರೇ ಸರಿ ಮಾಡ್ಬುಟ್ಟ! ಒಸ ಸಾಮಾನ ಪೂಜೆ ಮಾಡ್ದೆ ಎಂಗ್ ಕೊಡದು?” ಎಂದ.

ದೇವರು ಹೇರ್‌ಪಿನ್ ಹಿಡಿದು ಬಂದದ್ದನ್ನು ನಾನಂತೂ ಕಾಣಲಿಲ್ಲ. ಕೊಂಡು ತಂದ ಗಿಟಾರಿನ ಮೇಲೆ ನನ್ನ ದೂರಿಲ್ಲ. ನಾಲ್ಕು ಜನರೆದುರು ನನ್ನ ಕಿವಿ ಮಂದ ಎಂದವನು, ಅದೇ ನಾಲ್ಕು ಜನರೆದುರು ಕ್ಷಮೆ ಕೇಳಬೇಕು.